ಅರ್ಧ ಕೇಳಿ ಓಡಿದ ಫೈಲು

ಸಣ್ಣ ಊರಿನ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಂದು ಫೈಲಿತ್ತು ಕಣ್ರಪ್ಪ. ಅದರ ಹೊಟ್ಟೆಯಲ್ಲಿ ಅಲ್ಲೇ ಮಲಗಿದ್ದ ಸಿದ್ದಾಜಮ್ಮನ ತಲೆಯ ಸ್ಕ್ಯಾನು. ದೂರದ ಡಾಕ್ಟರು ಅದನ್ನು ನೋಡಿ ಹೇಳಿದ ಮೇಲೇ ಅವಳಿಗೆ ಔಷಧಿ.

ಫೈಲು ಬೀಗದಕೈಯನ್ನು ಜೊತೆಗೆ ಕರಕೊಂಡು ಆ ಡಾಕ್ಟರು ನೋಡುವ ದೂರದ ಸರ್ವರಿನ ಬಾಗಿಲಿಗೆ ಓಡಿತು. ಬೀಗದಕೈ ತಿರುಗಿತು, ಬಾಗಿಲು ತೆರೆಯಿತು.

"ಇಲ್ಲಿ ಇಳಿಯುವ ಹಾಗಿಲ್ಲ," ಎಂದು ಬಾಗಿಲು ಮಾತು ಶುರುಮಾಡಿತೋ ಇಲ್ಲವೋ, ಫೈಲು ಹೆದರಿ ವಾಪಸು ಓಡಿ ಬಂತು.

"ತಪ್ಪೆಲ್ಲ ನಿನ್ನದೇ," ಎಂದು ಬೀಗದಕೈಯನ್ನು ಬೈಯಿತು. ಬೇರೆ ದಾರಿ ಹಿಡಿದು ಹೋಯಿತು. ಆಮೇಲೆ ಹೆಸರು ಬದಲಾಯಿಸಿಕೊಂಡು ಹೋಯಿತು. ಬಾಗಿಲು ಬಾಯಿ ತೆರೆಯುತ್ತಲೇ ಎರಡು ಸಲವೂ ಓಡಿ ಬಂತು. ಇತ್ತ ಸಿದ್ದಾಜಮ್ಮನ ಮಾತು ತೊದಲತೊಡಗಿತ್ತು.

ಬೀಗದಕೈಗೆ ತಡೆಯಲಾಗಲಿಲ್ಲ. "ಅಣ್ಣಾ, ನಾನು ಕೆಟ್ಟಿದ್ದರೆ ಬಾಗಿಲು ತೆರೆಯುತ್ತಿತ್ತೇ? ಅದು ಏನು ಹೇಳಿತು?"

"ಆಗಲ್ಲ ಅಂತು."

"ಆಮೇಲೆ?"

ಆಮೇಲಿನದನ್ನು ಫೈಲು ಕೇಳಿಯೇ ಇರಲಿಲ್ಲ.

ನಾಲ್ಕನೆಯ ಸಲ ಫೈಲು ಓಡದೆ ಹೊಸ್ತಿಲಲ್ಲೇ ನಿಂತಿತು. "ಇಲ್ಲಿ ಇಳಿಯುವ ಹಾಗಿಲ್ಲ, ಇದು ಹಳೆಯ ಫೈಲುಗಳ ಕೋಣೆ. ಹೊಸದಾಗಿ ಬಂದವರು ಎಡಗಡೆಯ ಕೋಣೆಗೆ ಹೋಗಬೇಕು," ಎಂದಿತು ಬಾಗಿಲು.

"ಇದನ್ನು ಮೊದಲೇ ಹೇಳಬಾರದಿತ್ತೇ?"

"ಮೂರು ಸಲ ಹೇಳಿದೆನಪ್ಪ, ನಿನ್ನ ಬೆನ್ನಿಗೆ."

ಫೈಲು ಎಡಗಡೆಗೆ ಹೋಗಿ ಇಳಿಯಿತು. ಡಾಕ್ಟರು ಅದೇ ಕೋಣೆಯನ್ನು ನೋಡುತ್ತ ಕಾದು ಕೂತಿದ್ದರು.

ಸಿದ್ದಾಜಮ್ಮ ಉಳಿದಳು. ಮಾತು ಮಾತ್ರ ಇವತ್ತಿಗೂ ತೊದಲುತ್ತದೆ. ಅವಳು ಏನಾದರೂ ಹೇಳಹೊರಟರೆ, ಮುಗಿಯುವ ತನಕ ನಿಂತು ಕೇಳಬೇಕು.