ನಮ್ಮನೆಯವರನ್ನು ನೋಡಿದಿರಾ?

"ಅಯ್ಯಾ, ಹಳಿ ತಪ್ಪಿದ ಮಾತಿಗೆ ಏನು ಶಿಕ್ಷೆ?" ಎಂದು ಶಿಷ್ಯ ಕೇಳಿದ.

ಮಠದ ಭಕ್ತರಿಗಾಗಿ ಫೋನಿನಲ್ಲಿ ಒಂದು ಗುಂಪು ಕಟ್ಟಿ, ಅದರ ಕಾವಲು ಕಾಯುತ್ತಿದ್ದವನು ಅವನೇ. "ಒಬ್ಬರು ಒಂದು ಕೇಳಿದರೆ ಹತ್ತು ಜನ ಹತ್ತು ಹೇಳುತ್ತಾರೆ. ನಿನ್ನೆಯ ಮಾತು ಎಲ್ಲೋ ಶುರುವಾಗಿ, ದಾಸೋಹದ ಉಪ್ಪಿಟ್ಟಿಗೆ ಈರುಳ್ಳಿ ಹಾಕಬಹುದೇ ಎಂಬಲ್ಲಿಗೆ ಬಂತು. ಇಬ್ಬರು ಹಿರಿಯರು ಮುನಿಸಿಕೊಂಡು ಹೊರಟೇ ಹೋದರು. ವಿಷಯ ಬಿಟ್ಟು ಮಾತಾಡಿದವರನ್ನೆಲ್ಲ ತೆಗೆದುಹಾಕಬೇಕೆಂದಿದ್ದೇನೆ."

ಗುರು ನಕ್ಕ. "ಅಷ್ಟೂ ಜನರನ್ನು ತೆಗೆದರೆ ಗುಂಪಿನಲ್ಲಿ ನೀನೊಬ್ಬನೇ ಉಳಿಯುತ್ತೀಯೆ. ಕೂತುಕೋ" ಎಂದು ಕತೆ ಹೇಳಿದ.

ಒಂದು ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಯಾರ ಮನೆಯ ಹಾಲು ಒಡೆದರೂ ವಾಸನೆ ಮೊದಲು ಅವಳ ಮೂಗಿಗೆ. ಸಿಕ್ಕಿದ ಸುದ್ದಿಯನ್ನು ಅವಳು ಹಸಿಹಸಿಯಾಗಿ ಹೇಳುವವಳಲ್ಲ. ಒಗ್ಗರಣೆ ಹಾಕಿ, ಮುಚ್ಚಳ ಮುಚ್ಚಿಟ್ಟು, ಜನ ಸೇರಿದ ಮೇಲೆ ತೆರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕರೆಂಟು ಹೋಗಿತ್ತು. ರಾಗಿ, ಜೋಳ ತಂದವರೆಲ್ಲ ಡಬ್ಬಿ ಮುಂದಿಟ್ಟುಕೊಂಡು ಕಾಯುತ್ತಿದ್ದರು. ಅವಳ ಬಾಯಲ್ಲಿ ಎಲೆಅಡಿಕೆ, ಅದರ ಹಿಂದೆ ಆ ದಿನದ ಬಿಸಿ ಸುದ್ದಿ. ಮದುವೆಯ ಅರಿಶಿನ ಇನ್ನೂ ಆರದ ದರ್ಜಿ ಹೂವಪ್ಪ, ಬೆಳಗಾಗುತ್ತಲೇ ಕೆರೆ ಪಕ್ಕದ ಕೇದಗೆ ಮೆಳೆಯೊಳಗೆ ನುಗ್ಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಮೆಳೆಯ ಮರೆಗೆ ಧ್ಯಾನ ಮಾಡಲು ಯಾರೂ ಹೋದದ್ದಿಲ್ಲ. ಒಳಗೆ ಕಾಯುತ್ತಿದ್ದವಳು ಯಾರಿರಬಹುದೆಂದು ಮುದುಕಿ ಆಗಲೇ ಇಬ್ಬರನ್ನು ಗೊತ್ತುಮಾಡಿ ಇಟ್ಟಿದ್ದಳು. ಇನ್ನೂ ನಾಲ್ಕು ಜನ ಬರಲಿ, ಮುಚ್ಚಳ ತೆಗೆಯೋಣ ಎಂದು ಕಾಯುತ್ತಿದ್ದಳು.

ಬಂದವಳು ಆ ದರ್ಜಿಯ ಹೆಂಡತಿಯೇ. ಕೈಯಲ್ಲೊಂದು ಬಟ್ಟೆಗಂಟು.

"ನಮ್ಮನೆಯವರನ್ನ ಯಾರಾದ್ರೂ ನೋಡಿದಿರಾ?" ಎಂದು ಕೇಳಿದಳು.

ಅವಳು ಯಾರ ಹೆಂಡತಿಯೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಹೊಸ ಸೊಸೆಯನ್ನು ಸುಮ್ಮನೆ ಬಿಡುವುದುಂಟೆ? "ನಿಮ್ಮನೆಯವರು ಅಂದ್ರೆ ಯಾರಮ್ಮ? ಹೆಸರು ಹೇಳು, ಹುಡುಕಿಕೊಡ್ತೀವಿ" ಎಂದ ಗಿರಣಿಯವನು.

ಹುಡುಗಿ ತಲೆ ತಗ್ಗಿಸಿದಳು. ಹೆಂಡತಿ ಬಾಯಿಬಿಟ್ಟು ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಗಂಡನ ಹೆಸರಿನಲ್ಲಿ ಹೂವಿದೆಯೆಂದು ಆ ಹುಡುಗಿ ಸಂತೆಯಲ್ಲಿ ಹೂವಿನವಳ ಹತ್ತಿರವೂ "ಮುಡಿಯೋದು ಎರಡು ಮೊಳ ಕೊಡಿ" ಎಂದೇ ಕೇಳುತ್ತಿದ್ದಳು. ಊರು ಅದನ್ನೂ ಕೇಳಿಸಿಕೊಂಡಿತ್ತು.

"ಮುಡಿಯೋದು ಕಳೆದುಹೋಗಿದೆ ಅನ್ನು ಮತ್ತೆ" ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಅಲ್ಲಿಗೆ ಹುಡುಗಿಯ ಪ್ರಶ್ನೆ ಹೋಯಿತು, ಹೆಸರಿನ ಪ್ರಶ್ನೆ ಬಂತು. ಇದೆಲ್ಲ ಹಳೇ ಕಂತೆ, ರೇಷನ್ ಕಾರ್ಡಿನವರು ಕೇಳಿದರೆ ಯಾರು ತಾನೇ ಹೇಳುವುದಿಲ್ಲ ಎಂದ ಒಬ್ಬ. ನಮ್ಮ ನಾದಿನಿ ಹೆಸರು ಹೇಳಿದಳು, ವಾರದೊಳಗೆ ಗಂಡ ಹೋದ ಎಂದಳು ಇನ್ನೊಬ್ಬಳು. ಅವನು ಹೋದದ್ದು ಹೆಸರಿನಿಂದಲ್ಲ, ಹೆಂಡದಿಂದ ಎಂದ ಮತ್ತೊಬ್ಬ. ಹೆಂಡ ಯಾರ ಅಂಗಡಿಯದು ಎಂಬ ಮಾತು ಎದ್ದಿತು. ಆ ಅಂಗಡಿಯವನ ಅಳಿಯ ಅಲ್ಲೇ ಜೋಳದ ಚೀಲದ ಮೇಲೆ ಕೂತಿದ್ದ. ಅವನು ಎದ್ದು ತೋಳೇರಿಸಿದ.

ಹುಡುಗಿ ಇನ್ನೊಮ್ಮೆ ಕೇಳಿದಳು. ಯಾರಿಗೂ ಕೇಳಿಸಲಿಲ್ಲ.

ಮುಚ್ಚಳ ತೆಗೆಯಲು ಇದೇ ಸಮಯವೆಂದು ಮುದುಕಿಗೆ ಅನ್ನಿಸಿತು. ಅದಕ್ಕೆ ಮೊದಲು ಹುಡುಗಿಯಿಂದ ಇನ್ನಷ್ಟು ಹಿಂಡಿಕೊಳ್ಳೋಣವೆಂದು ಸೆರಗು ಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡಳು. "ಯಾಕವ್ವ, ಮಾತಿಗೆ ಮಾತು ಬೆಳೀತಾ?" ಎಂದು ಕಿವಿಯಲ್ಲಿ ಕೇಳಿದಳು.

"ಇಲ್ಲಜ್ಜಿ. ಏನೂ ತಿನ್ನದೆ ಹೋಗಿದಾರೆ. ಹೊಟ್ಟೆ ಖಾಲಿಯಿದ್ರೆ ಅವರಿಗೆ ಮೂರ್ಛೆ ಬರುತ್ತೆ, ನಿಂತಲ್ಲೇ ಬಿದ್ದುಬಿಡ್ತಾರೆ. ಊರಿಗೆ ತಿಳಿಯೋದು ಬೇಡ ಅಂದಿದಾರೆ ಅತ್ತೆ. ಎಲ್ಲಾದ್ರೂ ನೀರಿನ ಹತ್ರ ಹೋಗಿದ್ರೆ..."

ಗಂಟು ಮುದುಕಿಯ ಮೊಣಕೈಗೆ ತಗುಲಿತು. ಒಳಗಿದ್ದ ರೊಟ್ಟಿ ಇನ್ನೂ ಬೆಚ್ಚಗಿತ್ತು.

ಮುದುಕಿಯ ದವಡೆ ನಿಂತಿತು. ಬಾಯಲ್ಲಿದ್ದದ್ದನ್ನು ಉಗಿದಳು. ಮೆಳೆಯ ಕತೆ ಹದವಾಗಿ ಬೆಂದು ಕೂತಿತ್ತು. ಅದರ ಒಂದು ಅಗುಳನ್ನೂ ಅವಳು ಹೊರಗೆ ಹಾಕಲಿಲ್ಲ. "ಕೆರೆ ಪಕ್ಕ, ಕೇದಗೆ ಮೆಳೆ. ನಡಿ" ಎಂದಳು.

ಹುಡುಗಿ ಓಡಿದಳು. ಮುದುಕಿ ಮಂಡಿ ಹಿಡಿದುಕೊಂಡು ಹಿಂದೆ ಓಡಿದಳು.

ಹೂವಪ್ಪ ನೀರಿನ ಅಂಚಿನಲ್ಲಿ ಬೋರಲಾಗಿ ಬಿದ್ದಿದ್ದ. ಕೆನ್ನೆ ಕೆಸರಿನಲ್ಲಿತ್ತು. ನೀರು ತುಟಿಯವರೆಗೆ ಬಂದು ಬಂದು ಹೋಗುತ್ತಿತ್ತು. ಮೆಳೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಮುಷ್ಟಿಯಲ್ಲಿ ಹೆಂಡತಿಯ ಜಡೆಗೆಂದು ಕಿತ್ತ ಒಂದು ಕೇದಗೆಯಿತ್ತು. ಮುಂಗೈ ತುಂಬ ಮುಳ್ಳು ಗೀರಿತ್ತು.

ಇಬ್ಬರೂ ಸೇರಿ ಎಳೆದು ಅವನನ್ನು ಮಗ್ಗುಲಿಗೆ ಹೊರಳಿಸಿದರು. "ಏನೂಂದ್ರೆ, ಏನೂಂದ್ರೆ" ಎಂದು ಹುಡುಗಿ ಕರೆದಳು. ಅವನು ಅಲುಗಲಿಲ್ಲ. "ರೀ" ಎಂದಳು. ಅಲುಗಲಿಲ್ಲ. ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಹೂವಪ್ಪಾ" ಎಂದಳು. "ಹೂವಪ್ಪಾ, ಏಳೋ."

ಅವನು ಕಣ್ಣು ಬಿಟ್ಟ.

ಹುಡುಗಿ ಥಟ್ಟನೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮುದುಕಿಯ ಕಡೆ ನೋಡಿದಳು. ಮುದುಕಿ ಕೆರೆಯ ಕಡೆ ತಿರುಗಿ ನಿಂತಿದ್ದಳು.

"ನನ್ನ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು ಕಣೆ ತಾಯಿ. ಅವನು ಸ್ವಲ್ಪ ಸುಧಾರಿಸಿಕೊಳ್ಳಲಿ, ಆಮೇಲೆ ರೊಟ್ಟಿ ಮುರಿದು ಕೊಡು" ಎಂದಳು.

ಮುದುಕಿ ಗಿರಣಿಗೆ ತಿರುಗಿ ಬಂದಾಗ ಕರೆಂಟು ಇನ್ನೂ ಬಂದಿರಲಿಲ್ಲ. ಮಾತು ಇನ್ನೂ ಮುಗಿದಿರಲಿಲ್ಲ. ಇಬ್ಬರು ಎದ್ದು ಹೋದದ್ದನ್ನು ಒಬ್ಬರೂ ಗಮನಿಸಿರಲಿಲ್ಲ. "ಅಗೋ, ಅಜ್ಜಿ ಬಂದಳು. ನೀನು ಹಿರಿಯಳು, ನೀನೇ ಹೇಳು. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನಿಗೆ ಒಳ್ಳೇದಾಗುತ್ತೋ ಕೆಟ್ಟದಾಗುತ್ತೋ?" ಎಂದು ಕೇಳಿದರು.

ಅಂಥ ಸುದ್ದಿ ಅವಳ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಕೇಳುವ ಜನವೂ ಹಿಂದೆಂದೂ ಅಷ್ಟು ಚೆನ್ನಾಗಿ ಕೂಡಿ ಬಂದಿರಲಿಲ್ಲ. ನಾಲಿಗೆ ತುರಿಸಿತು. ಮುದುಕಿ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿ ತುಂಬ ತುರುಕಿಕೊಂಡಳು.

"ಯಾರಿಗೆ ಗೊತ್ತು? ಕರೆಂಟು ಬಂತಾ ನೋಡ್ರಪ್ಪ" ಎಂದಳು.

ಗುರು ಕತೆ ನಿಲ್ಲಿಸಿದ. ಶಿಷ್ಯ "ಅಯ್ಯಾ, ಗಿರಣಿಯ ಜನಕ್ಕೆ ಏನು ಶಿಕ್ಷೆಯಾಯಿತು?" ಎಂದು ಕೇಳಿದ.

"ನಿನ್ನೆ ನಿನ್ನ ಗುಂಪಿನಲ್ಲಿ ಮೊದಲು ಕೇಳಿದವರಿಗೆ ಏನು ಬೇಕಿತ್ತು, ಮಗು?" ಎಂದ ಗುರು.

ಶಿಷ್ಯ ಫೋನು ತೆಗೆದು, ನಿನ್ನೆಯ ಮೊದಲ ಪ್ರಶ್ನೆಯನ್ನು ಹುಡುಕತೊಡಗಿದ.