ಕಲ್ಲುಹೂವಿನ ಬಿಳಿ ಪತಂಗ

ಹೊಳೆದಂಡೆಯ ಮಠದಲ್ಲಿ ಮೂಲ ಗುರುಗಳ ಗದ್ದುಗೆ ಇತ್ತು. ಕಪ್ಪು ಕಲ್ಲಿನದು. ಅದರ ಮೈತುಂಬ ಬೂದು ಬಣ್ಣದ ಕಲ್ಲುಹೂವು ಹಬ್ಬಿತ್ತು.

ಮರುದಿನ ಆರಾಧನೆ. ಶಿಷ್ಯ ಅಡಿವೆಪ್ಪ ಬೆಳಗಿನಿಂದ ತೆಂಗಿನ ನಾರು ಹಿಡಿದು ಗದ್ದುಗೆ ಉಜ್ಜುತ್ತಿದ್ದ. ಸುಮ್ಮನೆ ಕೂರು ಎಂದರೆ ಜ್ವರವೇ ಬರುತ್ತದೆ, ಅಂಥ ಆಸಾಮಿ. ಸಂಜೆಯ ಹೊತ್ತಿಗೆ ರಟ್ಟೆ ಬಿದ್ದುಹೋಗಿತ್ತು.

ಬೆಳಗ್ಗೆಯೇ ಪಕ್ಕದ ಊರಿಗೆ ಹೋಗಿದ್ದ ಅವನ ಗುರು ಮುಪ್ಪಯ್ಯನವರು ಆಗ ಕೋಲೂರುತ್ತ ಬಂದರು. ತೀರಾ ಮುದುಕರು.

“ನೋಡ್ರಿ ಅಜ್ಜಾರ, ಮೂರು ಮಗ್ಗಲು ಕನ್ನಡಿ ಆಗ್ಯಾವು. ಹಿಂದಿಂದೊಂದು ಉಳದೈತಿ.”

ಗುರುಗಳು ಕಲ್ಲನ್ನು ಸವರಿ ನೋಡಿದರು. ಅಲ್ಲೇ ನೆಲಕ್ಕೆ ಕುಸಿದು ಕೂತರು.

“ಇಲ್ಲಿದ್ದವ್ರು ಎಲ್ಲಿ ಹೋದ್ರೋ?”

“ಯಾರ್ರೀ?”

ಗುರುಗಳು ಹಿಂಬದಿಗೆ ಕೈ ತೋರಿಸಿದರು. ಅಲ್ಲಿ ಕಲ್ಲುಹೂವಿನ ಮೇಲೆ ಪುಟ್ಟ ಪತಂಗಗಳು ರೆಕ್ಕೆ ಮಡಚಿ ಕೂತಿದ್ದವು. ಜೋಳದ ಹೊಟ್ಟಿನಷ್ಟು ಸಣ್ಣವು, ಮಾಸಲು ಬಿಳಿ. ಅಡಿವೆಪ್ಪ ಇಷ್ಟು ದಿನ ಅವನ್ನು ಭಕ್ತರು ಉದುರಿಸಿದ ವಿಭೂತಿ ಅಂದುಕೊಂಡಿದ್ದ.

“ಅಯ್ಯ, ಹುಳಕ್ಕೇನ್ರೀ! ರೆಕ್ಕಿ ಅದಾವು, ಬ್ಯಾರೆ ಕಡೆ ಹೋಗ್ತಾವು.”

“ಇವು ಹೋಗ್ತಾವಪ್ಪ. ಇವುಗಳ ಮರಿಗೆ ಎಲ್ಲಿ ರೆಕ್ಕಿ? ಅವು ತಿನ್ನೂದು ಈ ಕಲ್ಲುಹೂವ ಒಂದ.”

ಅಡಿವೆಪ್ಪ ಬಗ್ಗಿ ನೋಡಿದ. ತಾನು ಕೆರೆದು ಬೀಳಿಸಿದ ಪುಡಿಯಲ್ಲಿ ಕೂದಲೆಳೆಯಂಥ ಮರಿಹುಳಗಳು ಹೊರಳಾಡುತ್ತಿದ್ದವು. ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ.

“ಕಲ್ಲುಹೂವು ಮತ್ತ ಬೆಳೀತೈತಿ ಅಲ್ರೀ?”

“ನಾ ಹುಡುಗ ಇದ್ದಾಗ ಇದು ಅಂಗೈ ಅಗಲ ಇತ್ತು.”

ಅಡಿವೆಪ್ಪ ಅತ್ತೇಬಿಟ್ಟ. ಪುಡಿಯನ್ನು ಬೊಗಸೆಯಲ್ಲಿ ಬಳಿದು ಒಯ್ದು ಹಿಂಬದಿಯ ಕಲ್ಲಿಗೆ ತಾಗಿಸಿದ. ಕೆಲವು ಮರಿಗಳು ಹತ್ತಿಕೊಂಡವು. ಬಹಳಷ್ಟು ಉದುರಿಹೋದವು.

“ಏನರ ಶಿಕ್ಷಾ ಕೊಡ್ರಿ ಅಜ್ಜಾರ. ಏನು ಹೇಳಿದ್ರೂ ದುಡೀತೀನಿ.”

“ನೀ ದುಡದದ್ದು ಸಾಕೋ ಮಾರಾಯ. ಈ ಮಗ್ಗಲ ಹಿಂಗ ಇರ್ಲಿ. ಯಾರೂ ಮುಟ್ಟದಂಗ ನೋಡಿಕೋತ ಇಲ್ಲೇ ಕೂಡು.”

ಅಡಿವೆಪ್ಪ ಗಾಬರಿಯಾದ.

“ನಾಳಿ ಊರ ಮಂದಿ ಬರ್ತಾರ್ರೀ! ಹೊಲಸು ಕಲ್ಲಿನ ಮುಂದ ಕೈಕಟ್ಟಿ ಕೂತಾನ, ಮೈಗಳ್ಳ ಅಂತಾರ. ಆ ಮಾತು ನನಗ ತಡಕೊಳ್ಳಾಕ ಆಗಂಗಿಲ್ರೀ.”

ಗುರುಗಳು ಮೊಣಕಾಲು ಹಿಡಿದುಕೊಂಡು ನಿಧಾನ ಎದ್ದರು.

“ಈ ಕಲ್ಲು ಉಜ್ಜದ್ದಕ್ಕ ನನಗ ಹರೇದಾಗಿನಿಂದ ಅದನ್ನ ಅಂತಾರ. ಇನ್ನ ನೀ ಅನ್ನಿಸ್ಕೋಪ್ಪ, ನನಗ ಸಾಕಾಗೇತಿ.”