ಎರಡಾದ ಕಂಬ

ನದಿಯ ದಂಡೆಯ ಆಶ್ರಮದಲ್ಲಿ ಹಳೆಯದೊಂದು ಭಜನಾ ಮಂದಿರವಿತ್ತು. ತೊಲೆಗಳಿಗೆಲ್ಲ ಗೆದ್ದಲು ಹಿಡಿದಿತ್ತು. ಮರುದಿನ ಅದನ್ನು ಕೆಡವಲು ಆಳುಗಳು ಬರುವವರಿದ್ದರು.

ಆಶ್ರಮದ ಹಿರಿಯ ಜೀವ ಭಾಗೀರಥಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಆಯುಷ್ಯವೆಲ್ಲ ಆ ಮಂದಿರದ ಒಂದು ಕಂಬದ ಪಕ್ಕದಲ್ಲಿ ಕೂತು ಹಾಡಿದವರು. ಕೆಡವುವ ಮೊದಲು ಒಂದು ಸಲ ಮಂದಿರವನ್ನು ಪೂರ್ತಿ ನೋಡಬೇಕು ಎನ್ನುವುದೊಂದೇ ಅವರ ಆಸೆ.

ಅವರನ್ನು ಎತ್ತಿಕೊಂಡು ಹೋಗುವಂತಿರಲಿಲ್ಲ. ಗುರುಗಳು ಶಿಷ್ಯ ಕೇದಾರನನ್ನು ಕರೆದು, ಮಂದಿರವನ್ನೇ ಅವರ ಹತ್ತಿರ ತಂದುಬಿಡು ಎಂದರು.

ಕೇದಾರನಿಗೆ ಕ್ಯಾಮೆರಾ ಕೈಗೆ ಸಿಕ್ಕಿದರೆ ಊಟವೂ ಬೇಡ, ನಿದ್ದೆಯೂ ಬೇಡ. ಅಷ್ಟು ಅಗಲದ ಮಂದಿರ ಒಂದೇ ಫೋಟೋದಲ್ಲಿ ಹಿಡಿಸುವುದಿಲ್ಲ. ಅದಕ್ಕೆ ನಟ್ಟನಡುವೆ ನಿಂತು, ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಸಾಲಾಗಿ ಫೋಟೋ ತೆಗೆದ. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿ, ಉದ್ದನೆಯ ಒಂದೇ ಚಿತ್ರ ಮಾಡಿ ತಂದ.

ಭಾಗೀರಥಮ್ಮ ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಪ್ಪ. ಆದ್ರೆ ಇದು ನಡುವೆ ನಿಂತು ನೋಡಿ ಹೋಗೋರ ಮಂದಿರ. ನನ್ನದಲ್ಲ."

ಕೇದಾರ ಪೆಚ್ಚಾದ. ಈ ಸಲ ಅವರು ಕೂರುತ್ತಿದ್ದ ಜಾಗಕ್ಕೇ ಹೋಗಿ ನಿಂತು ತೆಗೆದ. ಕಂಬ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು.

ಜೋಡಿಸಿ ನೋಡಿದರೆ ದೂರದ ಗೋಡೆ ಗೆರೆ ಎಳೆದಂತೆ ಕೂತಿದೆ, ಕಿಟಕಿಗಳು ಕೂತಿವೆ. ಪಕ್ಕದ ಕಂಬ ಮಾತ್ರ ಎರಡಾಗಿದೆ. ಮತ್ತೆ ತೆಗೆದ. ಕಂಬ ನಡುವೆ ತುಂಡಾಯಿತು. ಇನ್ನೊಮ್ಮೆ ತೆಗೆದಾಗ ಅರ್ಧ ಕಂಬ ಮಾಯವೇ ಆಗಿತ್ತು. ಇದೇನು ಚೇಷ್ಟೆ ಎಂದು ಅವನಿಗೆ ಸಿಟ್ಟೂ ಬಂತು, ಕುತೂಹಲವೂ ಹುಟ್ಟಿತು.

ಹೊತ್ತು ಇಳಿಯುತ್ತಿತ್ತು. ಅವನು ಗುರುಗಳ ಹತ್ತಿರ ಓಡಿದ.

"ಗುರುಗಳೇ, ಕಂಬ ಒಂದು ಕಾಟ ಕೊಡ್ತಾ ಇದೆ. ಕಂಪ್ಯೂಟರಲ್ಲಿ ಅದನ್ನ ಅಳಿಸಿಬಿಡ್ಲಾ?"

"ಅಳಿಸಿದರೆ ಭಾಗೀರಥಮ್ಮ ಎಲ್ಲಿ ಕೂತ್ಕೋಬೇಕು?"

ಗುರುಗಳು ಅವನನ್ನು ಮಂದಿರಕ್ಕೆ ಕರೆದುಕೊಂಡು ಬಂದು, ಹೇಗೆ ತೆಗೆದೆ ತೋರಿಸು ಎಂದರು.

ಅವನು ಎರಡು ಕೈಯಲ್ಲೂ ಕ್ಯಾಮೆರಾ ಮುಂದೆ ಹಿಡಿದು, ದೇವರ ಮುಂದೆ ಆತ್ಮಪ್ರದಕ್ಷಿಣೆ ಹಾಕುವವರಂತೆ ನಿಂತಲ್ಲೇ ಒಂದು ಸುತ್ತು ತಿರುಗಿದ. ಪಾದ ಚೂರೂ ಆಚೆಗಿಡಲಿಲ್ಲ. ಅದನ್ನವನು ಹೆಮ್ಮೆಯಿಂದಲೇ ಹೇಳಿಕೊಂಡ.

"ನೀನು ಕದಲಲಿಲ್ಲ, ಸರಿ," ಎಂದರು ಗುರುಗಳು. "ನೋಡಿದ್ದು ಯಾರು?"

"ಕ್ಯಾಮೆರಾ."

"ಅದು ಎಲ್ಲಿತ್ತು?"

ಕೇದಾರ ಚಾಚಿದ್ದ ಕೈಗಳನ್ನು ನೋಡಿಕೊಂಡ. ಇನ್ನೊಂದು ಸುತ್ತು ನಿಧಾನವಾಗಿ ತಿರುಗಿದ. ಅವನು ನಿಂತಲ್ಲೇ ಇದ್ದ. ಕ್ಯಾಮೆರಾ ಅವನ ಸುತ್ತ ಬಳಸಿಕೊಂಡು ಬಂತು. ಒಮ್ಮೆ ಕಂಬದ ಈ ಮಗ್ಗುಲಿಂದ ಇಣುಕಿತು, ಒಮ್ಮೆ ಆ ಮಗ್ಗುಲಿಂದ.

ಗುರುಗಳು ಹೂ ಕಟ್ಟುವ ದಾರ ತರಿಸಿದರು. ಅದರ ಒಂದು ತುದಿಯನ್ನು ಕ್ಯಾಮೆರಾದ ಮೈಗೆ ಕಟ್ಟದೆ, ಮುಂದಕ್ಕೆ ಚಾಚಿದ್ದ ಲೆನ್ಸಿಗೇ ಕಟ್ಟಿದರು. ಇನ್ನೊಂದು ತುದಿಗೆ ಮಂದಿರದ ಬೀಗದ ಕೈ ಇಳಿಬಿಟ್ಟರು. ಭಾಗೀರಥಮ್ಮ ಕೂರುತ್ತಿದ್ದ ಕಡೆ ನೆಲದ ಮೇಲೆ ರಂಗೋಲಿಯ ಒಂದು ಚುಕ್ಕಿ ಇಟ್ಟರು.

"ಬೀಗದ ಕೈ ಈ ಚುಕ್ಕಿ ಬಿಟ್ಟು ಹೋಗಬಾರದು. ಇಷ್ಟು ಹೊತ್ತು ಕ್ಯಾಮೆರಾ ನಿನಗೆ ಪ್ರದಕ್ಷಿಣೆ ಹಾಕಿತು. ಈಗ ನೀನು ಅದಕ್ಕೆ ಹಾಕು."

ಕೇದಾರ ಮಂಡಿಯೂರಿದ. ಭಾಗೀರಥಮ್ಮ ಕೂತರೆ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟಕ್ಕೇ ಕ್ಯಾಮೆರಾ ಹಿಡಿದ. ಮಂಡಿಯ ಮೇಲೇ ತೆವಳುತ್ತಾ ಚುಕ್ಕಿಯ ಸುತ್ತ ಬಂದ. ಬೀಗದ ಕೈ ತೂಗಾಡಿದಾಗಲೆಲ್ಲ ಅದು ಸುಮ್ಮನಾಗುವವರೆಗೆ ಉಸಿರು ಬಿಗಿಹಿಡಿದು ಕಾದ. ಮಂಡಿಯ ಚರ್ಮ ಕಿತ್ತುಬಂತು. ಕಿಟಕಿಯ ಬಿಸಿಲು ಆರುವಷ್ಟರಲ್ಲಿ ಸುತ್ತು ಮುಗಿಯಿತು.

ಜೋಡಿಸಿದಾಗ ಕಂಬ ಒಂದೇ ಆಗಿತ್ತು. ಭಾಗೀರಥಮ್ಮ ತಲೆ ಒರಗಿಸಿ ಅದಕ್ಕೆ ಹತ್ತಿದ್ದ ಎಣ್ಣೆಯ ಜಿಡ್ಡೂ ಇತ್ತು.

ಭಾಗೀರಥಮ್ಮ ಚಿತ್ರ ನೋಡಿದರು. ಮಲಗಿದ್ದಲ್ಲೇ ಬಲಭುಜವನ್ನು ಚೂರು ಪಕ್ಕಕ್ಕೆ ಸರಿಸಿ, ಸಣ್ಣ ದನಿಯಲ್ಲಿ ಹಾಡತೊಡಗಿದರು. ಕೇದಾರನಿಗೆ ಅಳು ಬಂತು.

ಹೊರಗೆ ಬಂದ ಮೇಲೂ ಒಂದು ಸಂಗತಿ ಅವನನ್ನು ಕೊರೆಯುತ್ತಿತ್ತು.

"ಗುರುಗಳೇ, ಕ್ಯಾಮೆರಾ ಕದಲಿದಾಗಲೂ ದೂರದ ಗೋಡೆ ಸರಿಯಾಗೇ ಕೂತಿತ್ತು. ಹತ್ತಿರದ ಕಂಬ ಮಾತ್ರ ಯಾಕೆ ಒಡೀತು?"

"ನೀನು ಕದಲಿದ್ದು ದೂರದಲ್ಲಿರೋರಿಗೆ ಗೊತ್ತೇ ಆಗಲ್ಲ, ಮಗು. ಅದನ್ನ ಹತ್ತಿರ ಇರೋರನ್ನೇ ಕೇಳ್ಬೇಕು."